ಕೋಚ್ ಬ್ರೆಕ್ಕೆಯವರ ಕೈಮಾತು

ಆರ್ಲೋ ಬ್ರೆಕ್ಕೆ ಟಾರ್ವಿಕ್ ಕಾಲೇಜಿಗೆ ಬಂದದ್ದು ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ಕೆಲಸಕ್ಕೆ. ಬೇಸ್‌ಬಾಲ್ ಅವರ ಕೊರಳಿಗೆ ಬಿದ್ದದ್ದು ಸಹಿ ಮಾಡಿ ಪೆನ್ನು ಜೇಬಿಗೆ ಸೇರಿಸುವ ಹೊತ್ತಿಗೆ.

"ಇನ್ನೊಂದ್ ಸಣ್ಣ ವಿಷಯ ಬ್ರೆಕ್ಕೆ ಅವ್ರೇ," ಅಂದರಂತೆ ಆಗಿನ ಕಾಲೇಜಿನ ಅಧ್ಯಕ್ಷರು. "ಮಾರ್ಚ್‌ಗೆ ನಿಮ್ಮ ಆಟ ಮುಗಿಯುತ್ತಲ್ಲ, ಆಮೇಲೆ ಖಾಲಿ ಕೂತಿರ್ತೀರಿ. ಬೇಸ್‌ಬಾಲ್ ಹುಡುಗ್ರನ್ನೂ ನೋಡ್ಕೊಂಡ್ಬಿಡಿ."

"ನನಗೆ ಬೇಸ್‌ಬಾಲ್ ಬರಲ್ಲ ಸಾರ್."

"ನಮ್ಮ ಹುಡುಗ್ರಿಗೂ ಬರಲ್ಲ. ಜೋಡಿ ಸರಿಹೋಗುತ್ತೆ."

ಇದನ್ನು ಕೋಚ್ ಅವರೇ ನಮಗೆ ಎಷ್ಟೋ ಸಲ ಹೇಳಿ ನಕ್ಕಿದ್ದಾರೆ. ಅವರ ಮೊದಲ ತಂಡದಲ್ಲಿ ಆಡಿದವನು ನಾನು, ಮರ್ಲ್ ಸೇದರ್. ಓದು ಮುಗಿಸಿ ಅದೇ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾದೆ. ಸಂಜೆಯಾದರೆ ಅವರಿಗೆ ಸಹಾಯಕ. ಅವರ ಪಕ್ಕದ ಕುರ್ಚಿಯಲ್ಲಿ ಕೂತೇ ನನ್ನ ತಲೆ ನರೆಯಿತು.

ಅವರು ಹುಟ್ಟಿ ಬೆಳೆದದ್ದು ನಮ್ಮ ಊರಿಗಿಂತ ಬಡಗಲಲ್ಲಿ, ದನ ಸಾಕುವ ಮನೆಯಲ್ಲಿ. ಕೊಟ್ಟಿಗೆಯ ಅಟ್ಟದ ಮೇಲೆ, ಹುಲ್ಲಿನ ಮೆದೆಗಳ ನಡುವೆ, ಹಳೇ ಪೀಪಾಯಿಯ ಬಳೆಯೊಂದನ್ನು ಗೋಡೆಗೆ ಹೊಡೆದುಕೊಂಡು ಚೆಂಡು ಎಸೆಯುವುದನ್ನು ಕಲಿತವರು. ಗಾಳಿ ಬೀಸುವ ಬಯಲಲ್ಲಿ ದನ ಕರೆದು ಕರೆದು ಬೆಳೆದ ಗಂಟಲು. ಜಿಮ್ಮಿನೊಳಗೆ ಅವರು "ಕೈ ಮೇಲೆ! ಲೋ, ಕೈ ಮೇಲೆ ಅಂದೆ!" ಎಂದು ಕೂಗಿದರೆ ರೈಲು ಹಳಿಯಾಚೆಯ ಗೋಧಿ ಗೋದಾಮಿನಲ್ಲಿದ್ದವರು ಮೂಟೆ ಇಳಿಸಿ ನಿಲ್ಲುತ್ತಿದ್ದರು. "ಇವತ್ತೂ ಸೋಲ್ತಿದೀವಿ ಕಣ್ರೋ," ಎಂದು ಅಲ್ಲಿಂದಲೇ ತೀರ್ಪು ಕೊಡುತ್ತಿದ್ದರು.

ಮೊದಲ ಚಳಿಗಾಲದಲ್ಲಿ ನಾವು ಬ್ಯಾಸ್ಕೆಟ್‌ಬಾಲಿನಲ್ಲಿ ಸೋತದ್ದಕ್ಕಿಂತ ಹೆಚ್ಚು ಗೆದ್ದೆವು. ಬೇಸ್‌ಬಾಲ್ ಬಂದಾಗ ಬಣ್ಣ ಬಯಲಾಯಿತು. ನಮ್ಮ ದಕ್ಷಿಣ ಡಕೋಟದಲ್ಲಿ ಏಪ್ರಿಲ್ ಬಂದರೂ ಮೈದಾನದ ಮೇಲೆ ಹಿಮ ಬಿದ್ದುಕೊಂಡಿರುತ್ತದೆ. ಜಿಮ್ಮಿನೊಳಗೇ ಅಭ್ಯಾಸ ಮಾಡಿ ಕಿಟಕಿಯ ಗಾಜು ಒಡೆದೆವು. ಹಿಮ ಕರಗಿದ ಮೇಲೆ ಕೆಸರಿನಲ್ಲಿ ನಿಂತೆವು. ಕೋಚ್ ಹಿಂದಿನ ಜೇಬಿನಲ್ಲಿ ಲೈಬ್ರರಿಯ ಪುಸ್ತಕವೊಂದನ್ನು ಇಟ್ಟುಕೊಂಡು, ನಮ್ಮ ಕಡೆ ಬೆನ್ನು ತಿರುಗಿಸಿ ಒಂದು ಪುಟ ಓದಿ, ಮತ್ತೆ ನಮ್ಮ ಕಡೆ ತಿರುಗಿ ಅದನ್ನೇ ಕೂಗುತ್ತಿದ್ದರು.

ಒಂದು ಸಂಜೆ ಬೇಲಿಯಾಚೆಯಿಂದ ಹೆಂಗಸಿನ ದನಿ ಬಂತು.

"ಕೋಚ್! ನಿಮ್ಮ ಷಾರ್ಟ್‌ಸ್ಟಾಪ್ ಚೆಂಡಿಗೆ ಕಾಯ್ತಿದಾನೋ, ಬಸ್ಸಿಗೆ ಕಾಯ್ತಿದಾನೋ?"

ಆಟಗಾರರು ಓಡಿ ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಂತು ಚೆಂಡು ತಡೆಯುವ ಆ ಷಾರ್ಟ್‌ಸ್ಟಾಪ್ ನಾನೇ. ತಿರುಗಿ ನೋಡಿದರೆ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವ ವರ್ನಾ ಸ್ಟೋಲ್ಪ್. ಕೆಲಸ ಮುಗಿಸಿ ಮನೆಗೆ ಹೊರಟವರು ಬೇಲಿ ಹಿಡಿದು ನಿಂತಿದ್ದಾರೆ.

"ಬಂದು ತೋರಿಸ್ತೀರಾ ಮೇಡಂ?" ಎಂದರು ಕೋಚ್. ನಮ್ಮ ಮುಂದೆ ದೊಡ್ಡಸ್ತಿಕೆಗೆ ಹೇಳಿದ ಮಾತು.

ವರ್ನಾ ಗೇಟು ತಳ್ಳಿಕೊಂಡು ಬಂದೇಬಿಟ್ಟರು. ಕೈಚೀಲವನ್ನು ಹುಲ್ಲಿನ ಮೇಲಿಟ್ಟು, ನನ್ನ ಗ್ಲೌಸು ಕಿತ್ತುಕೊಂಡು, ಕಚೇರಿಯ ಷೂಗಳಲ್ಲೇ ಕೆಸರಿಗೆ ಇಳಿದರು. ಕೋಚ್ ಮೊದಲು ಮೆಲ್ಲಗೆ ಚೆಂಡು ಹೊಡೆದರು. ಆಕೆ ಹಿಡಿದು ಎಸೆದರು. ಆಮೇಲೆ ಜೋರಾಗಿ ಹೊಡೆದರು. ಹಿಡಿದು ಎಸೆದರು. ಕೋಚಿಗೆ ರೋಷ ಬಂತು, ಮೈಯೆಲ್ಲ ಬಳಸಿ ಬಾರಿಸಿದರು. ಆಕೆ ಪಕ್ಕಕ್ಕೆ ಜಾರಿ, ಮೊಣಕಾಲೂರಿ ಹಿಡಿದು, ಎದ್ದು ನಿಲ್ಲುವ ಮೊದಲೇ ಎಸೆದರು. ಮೊದಲನೇ ಬೇಸಿನಲ್ಲಿದ್ದವನು ಅಂಗೈ ಉರಿಯಿಂದ ಕುಣಿದ.

ಮಹಾಯುದ್ಧದ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಹೆಂಗಸರ ತಂಡಗಳು ಊರೂರು ಸುತ್ತಿ ಆಡುತ್ತಿದ್ದವಲ್ಲ, ಅಂಥದ್ದೊಂದರಲ್ಲಿ ವರ್ನಾ ಆಡಿದ್ದರಂತೆ. ನಮ್ಮೂರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

"ಮೊದಲೇ ಯಾಕ್ರೀ ಹೇಳಲಿಲ್ಲ?" ಎಂದರು ಕೋಚ್.

"ಅಂಚೆಚೀಟಿ ಕೇಳೋಕೆ ಬಂದೋರಿಗೆ ಇದನ್ನೆಲ್ಲ ಹೇಳ್ತಾ ಕೂರ್ಲಾ?"

ಕೋಚ್ ಜೇಬಿನ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಲೈಬ್ರರಿಗೆ ವಾಪಸ್ ಕೊಟ್ಬಿಡೋ ಮರ್ಲ್."

ಅಂದಿನಿಂದ ಅಂಚೆ ಕಚೇರಿ ಮುಚ್ಚಿದ ಮೇಲೆ ವರ್ನಾ ಮೈದಾನಕ್ಕೆ ಬರುತ್ತಿದ್ದರು. ನಮಗೆ ನಿಲ್ಲುವುದು ಕಲಿಸಿದರು, ಕೋಚಿಗೆ ಸಂಜ್ಞೆ ಕಲಿಸಿದರು. ಬೇಸ್‌ಬಾಲಿನಲ್ಲಿ ಕೋಚು ಮೂರನೇ ಬೇಸಿನ ಪಕ್ಕ ನಿಂತು ಕೈಯಲ್ಲೇ ಮಾತಾಡಬೇಕು. ಬಾಯಲ್ಲಿ ಹೇಳಿದರೆ ಎದುರಾಳಿಗೂ ಕೇಳುತ್ತದೆ. ಟೋಪಿ ಮುಟ್ಟಿದರೆ ಓಡು, ಬೆಲ್ಟು ಮುಟ್ಟಿದರೆ ಚೆಂಡನ್ನು ಮೆಲ್ಲಗೆ ತಟ್ಟು. ಎದೆಯ ಮೇಲೆ ಅಂಗೈಯನ್ನು ಅಡ್ಡಡ್ಡ ಒರೆಸಿದರೆ, ಇಲ್ಲಿವರೆಗೆ ಹೇಳಿದ್ದೆಲ್ಲ ರದ್ದು. ಕೋಚ್ ಸಂಜ್ಞೆಗಳನ್ನು ಚೆನ್ನಾಗಿಯೇ ಕಲಿತರು. ಆದರೆ ಒಂದೊಂದು ಸಂಜ್ಞೆ ಮಾಡಿದ ಮೇಲೂ ಮೈದಾನ ನಡುಗುವಂತೆ "ನೋಡಿದ್ಯೇನೋ?" ಎಂದು ಕೂಗಿಬಿಡುತ್ತಿದ್ದರು.

"ಆರ್ಲೋ, ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು," ಎನ್ನುತ್ತಿದ್ದರು ವರ್ನಾ. ಅಷ್ಟರಲ್ಲಿ ಇಬ್ಬರೂ ಹೆಸರು ಹಿಡಿದು ಕರೆದುಕೊಳ್ಳುವಷ್ಟು ಹತ್ತಿರವಾಗಿದ್ದರು. ಮರುವರ್ಷ ಬ್ಯಾಸ್ಕೆಟ್‌ಬಾಲ್ ಮುಗಿದು ಬೇಸ್‌ಬಾಲ್ ಶುರುವಾಗುವುದರ ನಡುವಿನ ಶನಿವಾರ ಅವರ ಮದುವೆಯಾಯಿತು. ಬೇರೆ ಶನಿವಾರ ಯಾವುದೂ ಬಿಡುವಿರಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಸಣ್ಣ ಕಾಲೇಜಿನಲ್ಲಿ ಕೋಚ್ ಅಂದರೆ ಆಳೂ ಅವನೇ, ಅರಸನೂ ಅವನೇ. ಮೈದಾನದ ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಹುಡುಗರ ಕಾಲಿಗೆ ಪಟ್ಟಿ ಸುತ್ತುವುದು, ಬಸ್ ಓಡಿಸುವುದು, ಎಲ್ಲ ಅವರದೇ ಕೆಲಸ. ಸೋತು ಬಸ್ಸಿನಲ್ಲಿ ಬರುವಾಗ ಹಾಡಬಾರದು ಎಂದು ನಿಯಮ ಮಾಡಿದ್ದರು. ಊರು ಹತ್ತಿರವಾಗುತ್ತಿದ್ದಂತೆ ಅದನ್ನು ಮೊದಲು ಮುರಿಯುತ್ತಿದ್ದವರೂ ಅವರೇ.

ಇಷ್ಟಾಗಿಯೂ ಅವರ ಗಂಟಲು ಒಂದು ದಿನ ಮಾಡಬಾರದ್ದನ್ನು ಮಾಡಿತು.

ಲೆನ್ನಿ ಪೊಸ್ಪಿಷಿಲ್ ಎಂಬ ಹುಡುಗನಿದ್ದ. ಎತ್ತರದ ಆಳು, ಮಾತು ಕಡಿಮೆ, ಪಕ್ಕದ ಹಳ್ಳಿಯ ಹಾಲಿನವರ ಮನೆಯವನು. ಎರಡೂ ಆಟ ಆಡುತ್ತಿದ್ದ. ಅವನ ಅಪ್ಪ ಯಾವ ಪಂದ್ಯಕ್ಕೂ ಬಂದವರಲ್ಲ, ಸಂಜೆ ಹಾಲು ಕರೆಯುವ ಹೊತ್ತು ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಹಾರ್ಲನ್ ಕಾಲೇಜಿನ ಮೇಲಿನ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಮಾತ್ರ ಪಕ್ಕದ ಮನೆಯವರಿಗೆ ದನಗಳನ್ನು ಒಪ್ಪಿಸಿ ಬಂದು, ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವತ್ತೇ ಲೆನ್ನಿ ಗಾಬರಿಬಿದ್ದು ಚೆಂಡನ್ನು ನೇರವಾಗಿ ಹಾರ್ಲನ್ನಿನವನ ಕೈಗೆ ಎಸೆದ. ಮರುನಿಮಿಷ ಮತ್ತೊಮ್ಮೆ ಹಾಗೇ ಮಾಡಿದ.

"ಲೋ! ಹಸು ಕರೆಯೋಕೇ ಲಾಯಕ್ಕು ಕಣೋ ನೀನು! ಹೋಗು, ಕೊಟ್ಟಿಗೆಗೇ ಹೋಗು!"

ಕೋಚಿನ ಕೂಗು ಇಡೀ ಜಿಮ್ಮಿಗೆ ಕೇಳಿತು. ಲೆನ್ನಿಯ ಅಪ್ಪ ಎದ್ದು ನಿಂತರು. ಹ್ಯಾಟು ಹಾಕಿಕೊಂಡು ಹೊರಗೆ ನಡೆದರು. ಮಾರನೇ ಬೆಳಗ್ಗೆ ಲೆನ್ನಿಯ ಆಟದ ಬಟ್ಟೆಗಳು ಒಗೆದು, ಇಸ್ತ್ರಿ ಹಾಕಿ, ಮಡಿಸಿಟ್ಟಂತೆ ಕೋಚಿನ ಕೋಣೆಯ ಬಾಗಿಲಲ್ಲಿದ್ದವು. ಅವನು ಕಾಲೇಜನ್ನೇ ಬಿಟ್ಟಿದ್ದ.

ಕೋಚ್ ಫೋನು ಮಾಡಿದರು. ಎತ್ತಿದವರು ಅವನ ತಾಯಿ. "ಅವನು ಕೊಟ್ಟಿಗೇಲಿದಾನೆ. ನೀವೇ ಹೋಗು ಅಂದ್ರಂತಲ್ಲ," ಎಂದು ಇಟ್ಟರು.

"ನಾನೂ ಕೊಟ್ಟಿಗೇಲೇ ಬೆಳೆದೋನು ಮರ್ಲ್," ಎಂದರು ಕೋಚ್ ನನ್ನ ಹತ್ತಿರ. "ಅವನ ಅಪ್ಪ ಅಲ್ಲೇ ಕೂತಿದ್ರಲ್ಲೋ." ಆ ಮಾತು ಆಡುವಾಗಲೇ ಅವರ ದನಿ ಗೊರಗೊರ ಎನ್ನುತ್ತಿತ್ತು. ಚಳಿಗಾಲ ಪೂರ್ತಿ ಹಾಗೇ ಇತ್ತು. ನೆಗಡಿ ಅಂದರು, ಕೂಗಿ ಕೂಗಿ ಹೀಗಾಗಿದೆ ಅಂದರು. ಬೇಸ್‌ಬಾಲ್ ಮುಗಿಯುವ ಹೊತ್ತಿಗೆ ಪಿಸುದನಿಯಷ್ಟೇ ಉಳಿದಿತ್ತು. ವರ್ನಾ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಮಿನೆಸೋಟದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಗಂಟಲಲ್ಲಿ ಗಡ್ಡೆ, ಕೆಟ್ಟ ಗಡ್ಡೆ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು.

ಕೋಚ್ ಊರಿಗೆ ಬಂದಾಗ ಕೊರಳ ಬುಡದಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಉಸಿರಾಟವೆಲ್ಲ ಅದರಲ್ಲೇ. ಬಾಯಿಂದ ಗಾಳಿ ಬಾರದ ಮೇಲೆ ಸೀಟಿ ಊದುವುದೂ ಆಗಲಿಲ್ಲ. ಕೊರಳಿಗೆ ಒತ್ತಿಕೊಂಡು ಮಾತಾಡುವ ಪುಟ್ಟ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಡಬ್ಬಿಯಲ್ಲಿ ಸಿಕ್ಕಿಕೊಂಡ ಜೇನುಹುಳದ ಹಾಗೆ ಅದು ಗುಂಯ್‌ಗುಡುತ್ತಿತ್ತು. ಒಂದೆರಡು ಸಲ ಬಳಸಿ, ಮುಖ ಸಿಂಡರಿಸಿ, ಅದನ್ನು ಡ್ರಾಯರಿನೊಳಗೆ ಹಾಕಿದರು. ತಿಂಗಳುಗಟ್ಟಲೆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನಾನು ಹೋದರೆ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಿದ್ದರು, ಅಷ್ಟೇ.

ಆಗಸ್ಟಿನ ಒಂದು ಬೆಳಗ್ಗೆ ಅವರೇ ಕಾರಿನ ಬೀಗದ ಕೈ ತೆಗೆದುಕೊಂಡು ನನ್ನ ಮನೆ ಮುಂದೆ ಹಾರ್ನ್ ಮಾಡಿದರು. ಪಕ್ಕದಲ್ಲಿ ವರ್ನಾ ಕೂತಿದ್ದರು. "ಪೊಸ್ಪಿಷಿಲ್ ಮನೆಗಂತೆ," ಎಂದರು ಆಕೆ. "ನಾನು ಮಾತಾಡ್ತೀನಿ ಕಣೋ ಅಂದ್ರೆ ತಲೆ ಅಲ್ಲಾಡಿಸ್ತಾನೆ. ಯಂತ್ರನೂ ಬೇಡ್ವಂತೆ. ಹೇಗೆ ಹೇಳ್ತಾನೋ ದೇವರಿಗೇ ಗೊತ್ತು."

ಅಪ್ಪ ಮಗ ಇಬ್ಬರೂ ಹುಲ್ಲಿನ ಹೊರೆಗಳನ್ನು ಗಾಡಿಯಿಂದ ಇಳಿಸುತ್ತಿದ್ದರು. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ. ಕೋಚ್ ಕೋಟು ತೆಗೆದು ಬೇಲಿಗೆ ಹಾಕಿ, ಹೊರೆ ಎತ್ತತೊಡಗಿದರು. ಆಪರೇಷನ್ ಆದ ಮೈ, ಸ್ವಲ್ಪ ಹೊತ್ತಿಗೇ ಕೊರಳಿನ ಬಟ್ಟೆ ಸುಯ್‌ ಸುಯ್‌ ಎನ್ನತೊಡಗಿತು. ಲೆನ್ನಿಗೆ ತಡೆಯಲಾಗಲಿಲ್ಲ.

"ಬಿಡಿ ಕೋಚ್. ಧೂಳು ಒಳಗೆ ಹೋಗುತ್ತೆ."

ಕೋಚ್ ಹೊರೆ ಕೆಳಗಿಟ್ಟರು. ಹುಡುಗನ ಎದುರಿಗೆ ಬಂದು ನಿಂತರು. ಮೂರನೇ ಬೇಸಿನ ಪಕ್ಕ ನಿಲ್ಲುವ ಹಾಗೆ ಕಾಲು ಅಗಲಿಸಿ, ಅವನ ಕಣ್ಣು ನೋಡುತ್ತಾ, ಅಂಗೈಯನ್ನು ಎದೆಯ ಮೇಲೆ ನಿಧಾನವಾಗಿ ಅಡ್ಡಡ್ಡ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ ಅಪ್ಪನ ಕಡೆ ತಿರುಗಿ ಅಷ್ಟೇ ನಿಧಾನವಾಗಿ ಒರೆಸಿದರು.

ಅಪ್ಪನಿಗೆ ಅರ್ಥವಾಗಲಿಲ್ಲ. "ಏನಂತಾರೋ ಲೆನ್ನಿ?"

ಲೆನ್ನಿ ಕೈಯಲ್ಲಿದ್ದ ಹೊರೆ ಕೆಳಗಿಟ್ಟ. "ಹಿಂದೆ ಹೇಳಿದ್ದೆಲ್ಲ ರದ್ದು ಅಂತಿದಾರೆ ಅಪ್ಪಾ."

ಅಪ್ಪ ಕೈಗವಸು ಕಳಚಿದರು. "ಸರಿ ಹಾಗಾದ್ರೆ. ಒಳಗೆ ಬನ್ನಿ. ಕಾಫಿ ಆರೋಗುತ್ತೆ."

ಲೆನ್ನಿಯ ತಾಯಿ ಗಸಗಸೆ ತುಂಬಿದ ಬನ್ನು ಮಾಡಿದ್ದರು. ಮೊದಲು ತಟ್ಟೆಯನ್ನು ಕೋಚಿನ ಮುಂದೆ ಕುಕ್ಕಿದರು. ಆಮೇಲೆ ಎರಡನೇ ಬನ್ನನ್ನು ಮೆಲ್ಲಗೆ ಇಟ್ಟರು. ಸೆಪ್ಟೆಂಬರಿನಲ್ಲಿ ಲೆನ್ನಿ ಮತ್ತೆ ಕಾಲೇಜಿಗೆ ಬಂದ.

ಕಾಲೇಜಿಗೆ ಆಗ ಹೊಸ ಅಧ್ಯಕ್ಷರು, ಲಿಂಡ್‌ಹೋಮ್ ಎಂಬವರು. ಒಳ್ಳೆಯ ಮನುಷ್ಯ. ಕೋಚನ್ನು ಕರೆಸಿ ಹೇಳಿದರು: "ನೋಡಿ ಬ್ರೆಕ್ಕೆ ಅವ್ರೇ, ನಿಮಗೆ ಒಂದು ಮೇಜು, ಒಂದು ಕುರ್ಚಿ, ನೆಮ್ಮದಿಯ ಕೆಲಸ ಕೊಡ್ತೀವಿ. ದನಿಯೇ ಇಲ್ದೆ ಬ್ಯಾಸ್ಕೆಟ್‌ಬಾಲ್ ಹೇಗೆ ಸ್ವಾಮಿ?"

ಕೋಚ್ ಅಂದು ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಕೊರಳಿಗೆ ಒತ್ತಿ, "ಕ್ರಿಸ್‌ಮಸ್ ತಂಕ," ಅಂದರು. ಅಷ್ಟೇ ಮಾತು. ಅಧ್ಯಕ್ಷರು ಒಪ್ಪಿದರು.

ಕೋಚ್ ತಮ್ಮ ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ವರ್ನಾ ಅವರೂ ಸೇರಿ ಬೇಸ್‌ಬಾಲಿನ ಸಂಜ್ಞೆಗಳನ್ನು ಬ್ಯಾಸ್ಕೆಟ್‌ಬಾಲಿಗೆ ಹೊಂದಿಸಿದರು. ಮುಷ್ಟಿ ಕಟ್ಟಿದರೆ ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲು, ಅಂಗೈ ಬಿಚ್ಚಿದರೆ ಎಲ್ಲರೂ ಹಿಂದೆ ಬಂದು ಬುಟ್ಟಿಯ ಮುಂದೆ ಗೋಡೆಯಾಗಿ ನಿಲ್ಲುವುದು, ಮೂಗು ಮುಟ್ಟಿದರೆ ಆಟದ ಓಟ ತಗ್ಗಿಸುವುದು. ಕೇಳುವುದಕ್ಕೆ ಚೆನ್ನಾಗಿತ್ತು. ಮೊದಲ ಪಂದ್ಯದಲ್ಲಿ ಕೋಚಿಗೆ ನಿಜವಾಗಿಯೂ ಮೂಗು ತುರಿಸಿತು. ಚೆಂಡು ಹಿಡಿದು ಬುಟ್ಟಿಯ ಕಡೆ ಒಬ್ಬನೇ ನುಗ್ಗುತ್ತಿದ್ದ ನಮ್ಮ ಹುಡುಗ ಗಕ್ಕನೆ ನಿಂತುಬಿಟ್ಟ. ಜನ ನಕ್ಕರು. ಎದುರಾಳಿ ಕೋಚ್ ನನ್ನ ಕಡೆ ಬಾಗಿ, "ಏನ್ರೀ, ಟಿಕೆಟ್ಟು ಕೊಟ್ಟು ಬಂದೋರಿಗೆ ಮೂಕಿ ಚಿತ್ರ ತೋರಿಸ್ತಿದೀರಾ?" ಎಂದ. ಸೋತೆವು. ಮುಂದಿನ ಪಂದ್ಯದಲ್ಲೂ ಸೋತೆವು.

ಇನ್ನೊಂದು ಸೋಲಿನ ಮಾರನೇ ದಿನ ಅಭ್ಯಾಸದಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಂದೂ ಬಾಯಿ ತೆರೆಯದ ಲೆನ್ನಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಡುವೆ ನಿಂತ.

"ಬೆನ್ನ ಹಿಂದೆ ಏನಾಗ್ತಿದೆ ಅಂತ ಇಷ್ಟು ದಿನ ಯಾರು ಹೇಳ್ತಿದ್ರು ನಮಗೆ? ಕೋಚ್ ಕೂಗ್ತಿದ್ರು. ಈಗ ಅವ್ರು ಕೂಗಲ್ಲ. ನಾವು ಕೂಗ್ಬೇಕು ಕಣ್ರೋ."

"ನೀನು ಕೂಗ್ತೀಯಾ? ನೀನು?" ಎಂದನೊಬ್ಬ.

"ದನ ಕರೆಯೋ ಮನೆಯೋನು ಕಣೋ ನಾನು," ಎಂದು ಲೆನ್ನಿ ಕೋಚಿನ ಕಡೆ ವಾರೆಗಣ್ಣಲ್ಲಿ ನೋಡಿದ. ಕೋಚಿನ ಹೆಗಲು ಕುಲುಕುತ್ತಿತ್ತು. ಶಬ್ದವಿಲ್ಲದೆ ಅವರು ನಗುವುದನ್ನು ನಾನು ಮೊದಲು ಕಂಡದ್ದು ಆಗ.

ಅಂದಿನಿಂದ ಅಂಗಳದ ತುಂಬ ಹುಡುಗರದೇ ಮಾತು. "ಎಡಕ್ಕೆ ಬಂದ!" "ನಾನ್ ಇದೀನಿ, ನೀ ಹೋಗು!" ಕೋಚ್ ಸಂಜ್ಞೆ ಮಾಡುವುದು ಕಡಿಮೆಯಾಯಿತು, ನೋಡುವುದು ಹೆಚ್ಚಾಯಿತು. ಹಿಂದೆಲ್ಲ ಪಂದ್ಯ ಪೂರ್ತಿ ನಿಂತೇ ಇರುತ್ತಿದ್ದವರು ಈಗ ಕೂತು, ಮೊಣಕೈಯನ್ನು ತೊಡೆಗೂರಿ, ಕತೆ ಕೇಳುವವರ ಹಾಗೆ ಆಟ ನೋಡುತ್ತಿದ್ದರು. ಇಷ್ಟು ವರ್ಷ ಆಟವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ವರ್ನಾ ಅವರಿಗೆ ಕಾಗದದಲ್ಲಿ ಬರೆದು ತೋರಿಸಿದರಂತೆ.

ಕ್ರಿಸ್‌ಮಸ್ಸಿಗೆ ಮುಂಚಿನ ಕೊನೆಯ ಪಂದ್ಯ ಹಾರ್ಲನ್ ಮೇಲೆ, ನಮ್ಮ ಜಿಮ್ಮಿನಲ್ಲೇ. ಗೋದಾಮಿನವರು, ಅಂಚೆಯವರು, ಪಾದ್ರಿಗಳು, ಎಲ್ಲ ಬಂದಿದ್ದರು. ಪೊಸ್ಪಿಷಿಲ್ ಅಪ್ಪನೂ ಬಂದು ಅದೇ ಮುಂದಿನ ಸಾಲಿನಲ್ಲಿ ಕೂತರು. ಆಟ ಕೊನೆಯವರೆಗೂ ಜಗ್ಗಾಡಿತು. ಗಡಿಯಾರ ಮುಗಿಯುತ್ತಾ ಬಂದಿದೆ, ನಾವು ಒಂದೇ ಅಂಕ ಹಿಂದೆ, ಚೆಂಡು ಲೆನ್ನಿಯ ಕೈಯಲ್ಲಿ. ಅವನು ಚೆಂಡು ಪುಟಿಸುತ್ತಾ ಕೋಚಿನ ಕಡೆ ನೋಡಿದ. ನಾನೂ ನೋಡಿದೆ. ಕೋಚ್ ಎದ್ದರು, ಎರಡೂ ಅಂಗೈಗಳನ್ನು ಅವನ ಕಡೆಗೆ ಚಾಚಿದರು. ಅಂಥ ಸಂಜ್ಞೆ ನಾವು ಮಾಡಿಕೊಂಡಿರಲೇ ಇಲ್ಲ. ನಿನ್ನ ಇಷ್ಟ, ನಿನಗೇ ಬಿಟ್ಟಿದ್ದೇನೆ ಎನ್ನುವ ಹಾಗಿತ್ತು. ಆಮೇಲೆ ಕೂತುಬಿಟ್ಟರು.

ಲೆನ್ನಿ ಒಮ್ಮೆ ಕೂಗಿದ. ಗೋದಾಮಿನವರು ಒಳಗೆ ಬಾರದೆ ಗೋದಾಮಿನಲ್ಲೇ ಇದ್ದಿದ್ದರೂ ಅವರಿಗೆ ಕೇಳುತ್ತಿತ್ತು. ಇಬ್ಬರು ಅಡ್ಡ ಓಡಿದರು, ಹಾರ್ಲನ್ನಿನವರು ಅವರ ಹಿಂದೆ ಹೋದರು, ಲೆನ್ನಿ ಖಾಲಿಯಾದ ದಾರಿಯಲ್ಲಿ ನುಗ್ಗಿದ. ಎಸೆಯುತ್ತಾನೆಂದು ಎಲ್ಲರೂ ಅವನ ಮೇಲೆ ಬಿದ್ದಾಗ ಚೆಂಡನ್ನು ಪಕ್ಕದವನಿಗೆ ಕೊಟ್ಟ. ಪಕ್ಕದವನು ಬುಟ್ಟಿಗೆ ಹಾಕಿದ, ಗೆದ್ದೆವು. ಈ ಸಲ ಅವನು ಎಸೆದದ್ದು ಸರಿಯಾದ ಕೈಗೇ ಹೋಗಿತ್ತು. ಅವನ ಅಪ್ಪ ಹ್ಯಾಟನ್ನು ಸೂರಿಗೆ ತೂರಿಬಿಟ್ಟರು. ಅದು ದೀಪದ ಮೇಲೆ ಸಿಕ್ಕಿಕೊಂಡಿತು.

ಗದ್ದಲದೊಳಗೆ ಅಧ್ಯಕ್ಷ ಲಿಂಡ್‌ಹೋಮ್ ನುಸುಳಿಕೊಂಡು ಬಂದು ಕೋಚಿನ ಕೈ ಕುಲುಕಿದರು. "ಕ್ರಿಸ್‌ಮಸ್ ತಂಕ ಅಂದಿದ್ರಿ. ಯಾವ ವರ್ಷದ ಕ್ರಿಸ್‌ಮಸ್ ಅಂತ ನಾವು ಮಾತಾಡ್ಲೇ ಇಲ್ಲ, ಅಲ್ವಾ?"

ಆ ವರ್ಷ ನಾವೇನೂ ದೊಡ್ಡ ಕಪ್ಪು ಗೆಲ್ಲಲಿಲ್ಲ. ಮಾರ್ಚಿನಲ್ಲಿ ದೊಡ್ಡ ಊರಿನ ತಂಡವೊಂದು ನಮ್ಮನ್ನು ಚೆನ್ನಾಗಿ ಬಡಿದು ಕಳಿಸಿತು. ಕೋಚ್ ಬಸ್ ಓಡಿಸಿಕೊಂಡು ಬಂದರು, ಮರುವಾರ ಬೇಸ್‌ಬಾಲ್ ಶುರುವಾಯಿತು. ಹಾಗೇ ನಡೆಯುತ್ತಾ ಹೋಯಿತು. ಕಾಲೇಜು ಹುಡುಗಿಯರಿಗೂ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದಾಗ, ವರ್ನಾ ಅಂಚೆ ಕಚೇರಿ ಬಿಟ್ಟು ಅದಕ್ಕೆ ಕೋಚಾದರು. ಜಿಮ್ಮಿನ ಅರ್ಧದಲ್ಲಿ ಗಂಡ, ಅರ್ಧದಲ್ಲಿ ಹೆಂಡತಿ. ಯಾರ ಸಮಯ ಮುಗಿಯಿತು, ಯಾರದು ಇನ್ನೂ ಉಳಿದಿದೆ ಎಂದು ಇಬ್ಬರೂ ಅಂಗಳದ ಆಚೀಚೆ ನಿಂತು ಕೈಯಲ್ಲೇ ಜಗಳವಾಡುತ್ತಿದ್ದರು. ಆ ಜಗಳ ನೋಡುವುದಕ್ಕೆಂದೇ ಹುಡುಗಿಯರು ಬೇಗ ಬರುತ್ತಿದ್ದರು. ಲೆನ್ನಿ ಹೈಸ್ಕೂಲೊಂದರಲ್ಲಿ ಕೋಚಾದ, ಒಳ್ಳೆಯ ಹುಡುಗರನ್ನು ಆರಿಸಿ ನಮ್ಮಲ್ಲಿಗೆ ಕಳಿಸುತ್ತಿದ್ದ.

ಕೊನೆಗೆ ಕೋಚ್ ನಿವೃತ್ತಿ ಎಂದಾಗ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿಟ್ಟುಕೊಂಡೆವು. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಆಲೂಗೆಡ್ಡೆ, ನಡುಗುವ ಹಸಿರು ಜೆಲ್ಲಿ, ದೊಡ್ಡ ಹಂಡೆಯಲ್ಲಿ ಕಾಫಿ. ಎಲ್ಲೆಲ್ಲಿಂದಲೋ ಹಳೆಯ ಆಟಗಾರರು ಬಂದರು, ಬೊಕ್ಕತಲೆ, ಹೊಟ್ಟೆ, ಮೊಮ್ಮಕ್ಕಳು ಸಮೇತ. ಒಬ್ಬೊಬ್ಬರೂ ಎದ್ದು ಮಾತಾಡಿ ಕಣ್ಣೊರೆಸಿಕೊಂಡರು. ಕೋಚೂ ಮಾತಾಡಬೇಕೆಂದು ಜನ ಮೇಜು ಬಡಿದರು. ಅವರು ಎದ್ದು, ಯಂತ್ರವನ್ನು ಕೊರಳಿಗೆ ಒತ್ತಿದರು. ಕಾಫಿ ಸುರಿಯುವವರೂ ನಿಂತರು.

"ನಾಳೆ ಮೂರು ಗಂಟೆಗೆ ಅಭ್ಯಾಸ ಇದೆ," ಎಂದಿತು ಯಂತ್ರ. "ಬೇಸ್‌ಬಾಲ್ ಹುಡುಗ್ರು ಇಲ್ಲೇ ಕೂತು ಜೆಲ್ಲಿ ತಿಂತಾ ಇದಾರೆ. ಬೇಗ ಮನೆಗೆ ಹೋಗಿ ಮಲಗ್ರೋ."

ನಿಜ, ಸಂಭ್ರಮದಲ್ಲಿ ನಾವು ಮರೆತೇಬಿಟ್ಟಿದ್ದೆವು. ಬೇಸ್‌ಬಾಲಿನ ಕೊನೆಯ ಪಂದ್ಯ ಇನ್ನೂ ಬಾಕಿಯಿತ್ತು. ಶನಿವಾರ ಆಡಬೇಕಾದದ್ದು. ಬೆಳಗಿನಿಂದಲೇ ಮಳೆ ಹೊಡೆಯಿತು. ಮಧ್ಯಾಹ್ನ ನಿಂತಾಗ ಮೈದಾನ ಕೆರೆಯಾಗಿತ್ತು. ಅಂಪೈರು ಕೈಚೆಲ್ಲಿ ಕಾರಿನ ಕಡೆ ಹೊರಟ. ಕೋಚ್ ಎಲ್ಲಿಂದಲೋ ಪೊರಕೆ ತಂದು ಎರಡನೇ ಬೇಸಿನ ಹತ್ತಿರ ನೀರು ತಳ್ಳತೊಡಗಿದರು. ಅವರನ್ನು ನೋಡಿ ಹುಡುಗರು ಇಳಿದರು, ಎದುರಾಳಿ ಹುಡುಗರೂ ಇಳಿದರು. ವರ್ನಾ ಜಿಮ್ಮಿನ ಟವೆಲ್ಲುಗಳನ್ನೆಲ್ಲ ಹೊತ್ತು ತಂದರು. ಅಂಪೈರು ಕಾರಿನ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿ, ಬೈದುಕೊಂಡು, ವಾಪಸು ಬಂದ.

ಬಿಸಿಲು ಇಳಿಯುವ ಹೊತ್ತಿಗೆ ಆಟ ಶುರುವಾಯಿತು. ಎಲ್ಲರೂ ಕೆಸರಿನಲ್ಲಿ ಜಾರಿ ಬಿದ್ದರು, ಯಾರ ಅಂಗಿ ಯಾವ ತಂಡದ್ದೆಂದು ಗೊತ್ತಾಗದಂತಾಯಿತು. ಗೆದ್ದವರು ನಾವೇ. ಕೋಚ್ ದೊಡ್ಡ ಚೀಲದ ತುಂಬ ಕೊಳೆ ಅಂಗಿಗಳನ್ನು ತುಂಬಿಕೊಂಡು, "ನಾಳೆ ಒಗೆದರಾಯ್ತು" ಎನ್ನುವಂತೆ ವರ್ನಾ ಅವರಿಗೆ ಕೈಬೀಸಿ, ಹುಡುಗರನ್ನೆಲ್ಲ ಊಟಕ್ಕೆ ಕರೆದುಕೊಂಡು ಹೊರಟರು.